ಅವ್ವನ ಸಹಿ, ಅವ್ವನ ಕೇಸು

ಲೆಸ್ಟರ್, ಇಂಗ್ಲೆಂಡ್

ತೀರ್ಥರೂಪ ಅಪ್ಪನವರಿಗೂ ಮಾತೃಶ್ರೀ ಅವ್ವಗೂ ನಿಮ್ಮ ಮಗಳ ಸಾಷ್ಟಾಂಗ ನಮಸ್ಕಾರಗಳು. ಇಲ್ಲೆ ನಾವೆಲ್ಲಾರೂ ಆರಾಮ ಅದೀವಿ. ನೀವೂ ಆರಾಮ ಅದೀರಿ ಅಂತ ತಿಳಿದೀನಿ.

ಕಾಂಟ್ರಾಕ್ಟರ್ ನಮ್ಮ ಮನಿ ಕೆಲಸ ಅರ್ಧಕ್ಕ ಬಿಟ್ಟು ಹೋದ ಮಾತು ಫೋನಿನ್ಯಾಗ ಮುಗಿಯೂದಿಲ್ಲ. ನಾ ಶುರು ಮಾಡೂದ್ರಾಗ ಅಪ್ಪ "ಇರಲಿ ಬಿಡವಾ, ನೋಡೂಣು" ಅಂತಾರ, ಅವ್ವ ಕಣ್ಣೀರು ಹಾಕ್ತಾಳ, ತಮ್ಮ ಫೋನ್ ಕಸಗೊಂಡು ಆ ಕಾಂಟ್ರಾಕ್ಟರ್‌ಗ ಬೈಯಾಕ ಶುರು ಮಾಡ್ತಾನ. ಅದಕ್ಕ ಕಾಗದ ಬರದೀನಿ. ಫೋಟೋ ಹೊಡದು ತಮ್ಮನ ಮೊಬೈಲಿಗೂ ಹಾಕೀನಿ. ಅವ ಜೋರಾಗಿ ಓದಲಿ, ನೀವಿಬ್ಬರೂ ಕುಂತು ಪೂರಾ ಕೇಳ್ರಿ.

ಅವ್ವಾ, ಇದು ನಿನ್ನ ಕೇಸು. ಅಪ್ಪಂದಲ್ಲ, ನಂದೂ ಅಲ್ಲ. ನಿನ್ನ ತವರಮನಿ ಆಲಮಟ್ಟಿ ಹಿನ್ನೀರಿಗೆ ಹೋದ ಮ್ಯಾಲೆ ನಿನ್ನ ಪಾಲಿಗೆ ಬಂದ ಪ್ಲಾಟು ಅದು, ಬಾಗಲಕೋಟಿ ನವನಗರದಾಗ ನಿನ್ನ ಹೆಸರಿಲೇ ಐತಿ. ಕರಾರು ಪತ್ರದ ಮ್ಯಾಲೆ ಸಹಿ ನಿಂದು. ರೊಕ್ಕ ನಾ ಕಳಿಸಿರಬಹುದು, ಓಡಾಡಿದವರು ಅಪ್ಪ ಇರಬಹುದು, ಆದ್ರ ಕಾಯ್ದೇದ ಲೆಕ್ಕದಾಗ ಮನಿ ಕಟ್ಟಸಾಕತ್ತಾಕಿ ನೀನ. ಹಿಂಗಾಗಿ ನಾ ಇಲ್ಲಿಂದ ಮುಖತ್ಯಾರ ಪತ್ರ (ನನ್ನ ಪರವಾಗಿ ನಡಕೊಳ್ಳಾಕ ಬ್ಯಾರೆಯವರಿಗೆ ಅಧಿಕಾರ ಕೊಡೂ ಕಾಗದ) ಮಾಡಿ ಕಳಸೂದು, ಅದಕ್ಕ ಇಲ್ಲಿ ಭಾರತದ ದೂತಾವಾಸದ ಶಿಕ್ಕಾ, ಅದು ಊರು ಮುಟ್ಟಿದ ಮೂರು ತಿಂಗಳೊಳಗ ಮತ್ತ ಅಲ್ಲಿ ಸ್ಟ್ಯಾಂಪ್ ಡ್ಯೂಟಿ, ಈ ತಾಪತ್ರಯ ಯಾವುದೂ ಬೇಕಾಗಿಲ್ಲ. ನೀ ಆಧಾರ್ ಕಾರ್ಡ್ ಹಿಡಕೊಂಡು ಹೋದ್ರ ಸಾಕು.

ಎಲ್ಲಿಗೆ ಅಂದ್ರ, ನವನಗರದ ಜಿಲ್ಲಾ ಕೋರ್ಟಿನ್ಯಾಗ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಂತ ಆಫೀಸ್ ಐತಿ, ಅಲ್ಲಿಗೆ. 1987 ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 12 ನೇ ಕಲಂ ಪ್ರಕಾರ ಹೆಣ್ಣಮಕ್ಕಳಿಗೆ ವಕೀಲರನ್ನ ಪುಕ್ಕಟೆ ಕೊಡಬೇಕು. ಗಳಿಕಿ ಎಷ್ಟೈತಿ ಅಂತ ಹೆಣ್ಣಮಕ್ಕಳಿಗೆ ಕೇಳೂದಿಲ್ಲ. "ಮಗಳು ಫಾರಿನ್ನಿನ್ಯಾಗ ಅದಾಳ, ನಮಗೆಲ್ಲಿ ಕೊಡ್ತಾರ" ಅಂತ ಅಪ್ಪ ಅಂದಿದ್ರು. ನಾ ಎಲ್ಲಿದ್ರೂ ಅದಕ್ಕ ಸಂಬಂಧ ಇಲ್ಲ. ಅವ್ವ ಹೆಣ್ಣಮಗಳು, ಅಷ್ಟ ಸಾಕು. ಕೋರ್ಟ್ ಫೀ, ನೋಟಿಸಿನ ಖರ್ಚೂ ಅವರ ನೋಡಿಕೊಳ್ತಾರ. ಅವರು ನೇಮಿಸಿದ ವಕೀಲರು ನಿನ್ನ ಕಡೆ ಒಂದು ರೂಪಾಯಿ ಇಸಗೊಳ್ಳಂಗಿಲ್ಲ. ಯಾರರ ಕೇಳಿದ್ರ ಅದ ಆಫೀಸಿನ್ಯಾಗ ತಕರಾರು ಮಾಡಬಹುದು. ಹೋಗೂಕಿಂತ ಮೊದಲ ಕೇಳೂದಿತ್ತಂದ್ರ 15100 ನಂಬರಿಗೆ ಫೋನ್ ಹಚ್ರಿ.

ಪುಕ್ಕಟೆ ವಕೀಲರು ಎಂಥವರು ಸಿಗ್ತಾರೋ ಅನ್ನೂ ಅಪ್ಪನ ಅನುಮಾನ ಪೂರಾ ಸುಳ್ಳಲ್ಲ. ಛಲೋ ಕೆಲಸ ಮಾಡವರೂ ಇರ್ತಾರ, ತಾರೀಖಿಗೆ ಬಂದು ಮುಖ ತೋರಿಸಿ ಹೋಗವರೂ ಇರ್ತಾರ. ಆದ್ರ ರೊಕ್ಕ ಕೊಟ್ಟ ಹಿಡಿದ ವಕೀಲರ ಕಥೀನೂ ಹಂಗ ಅಲ್ಲೇನ್ರಿ? ಚಿಕ್ಕಪ್ಪನ ಹೊಲದ ಕೇಸು ನೆನಪು ಮಾಡಿಕೊಳ್ರಿ. ಕಾಗದಪತ್ರ ನಾವು ಒಪ್ಪವಾಗಿ ಇಟ್ಟುಕೊಂಡು ಹೋದ್ರ ಯಾವ ವಕೀಲರಿಗಾದ್ರೂ ಕೆಲಸ ಹಗರ ಆಗ್ತೈತಿ.

ಇನ್ನ ತಮ್ಮ ಹೇಳಾಕತ್ತಿದ್ದು, ಪೊಲೀಸ್ ಸ್ಟೇಷನ್ನಿಗೆ ಹೋಗೂದು. ಬ್ಯಾಡ. ಕರಾರು ಮುರದದ್ದು ಸಿವಿಲ್ ವ್ಯವಹಾರ. ಶುರುವಿನಿಂದಲೇ ಮೋಸ ಮಾಡೂ ಉದ್ದೇಶ ಇತ್ತು ಅಂತ ತೋರಿಸಿದ್ರ ಮಾತ್ರ ಅದು ವಂಚನೆ ಕೇಸು ಆಗ್ತೈತಿ. ಪಾಯಾ ಹಾಕಿ, ಗ್ವಾಡಿ ಎಬ್ಬಿಸಿ, ಸ್ಲ್ಯಾಬ್ ಹಾಕಿ ಆಮ್ಯಾಲೆ ಕೈ ಬಿಟ್ಟವನ ಮ್ಯಾಲೆ ಅದನ್ನ ತೋರಸೂದು ಭಾಳ ಕಠಿಣ. ಸ್ಟೇಷನ್ನಿನ್ಯಾಗ "ಸಿವಿಲ್ ಐತಿ, ಕೋರ್ಟಿಗೆ ಹೋಗ್ರಿ" ಅಂತ ಹೇಳಿ ಕಳಸ್ತಾರ, ಆ ಕಾಂಟ್ರಾಕ್ಟರ್ ಮೀಸಿ ತಿರುವಿಕೊಂಡು ಅಡ್ಡಾಡ್ತಾನ.

ಈಗ ಭಾಳ ಮುಖ್ಯ ಮಾತು. ಅಪ್ಪಾ, ಬ್ಯಾರೆ ಗವಂಡಿ ಕರಸಿ ಗಿಲಾವು ಶುರು ಮಾಡಸ್ತೀನಿ ಅಂತ ಹೇಳೀರಿ. ದಯಮಾಡಿ ಸ್ವಲ್ಪ ತಡೀರಿ. ತಮ್ಮ ಕಳಿಸಿದ ವಿಡಿಯೋ ನಾ ನಿಲ್ಲಿಸಿ ನಿಲ್ಲಿಸಿ ನೋಡೀನಿ. ದೇವರ ಖೋಲಿ ಮೂಲ್ಯಾಗ ಸ್ಲ್ಯಾಬಿನ ತಳದಾಗ ಸಿಮೆಂಟ ಇಲ್ಲ, ಬರೇ ಖಡಿ ಖಡಿ ಕಾಣಾಕತ್ತೈತಿ, ನಡುವ ಎರಡು ರಾಡು ಹೊರಗ ಬಿದ್ದು ಜಂಗ್ ಹಿಡದಾವ, ಅವುಗಳ ಗುಂಟ ನೀರು ಇಳದ ಕಂದು ಗೆರಿ ಕಿಡಕಿ ಚೌಕಟ್ಟಿನ ತನಕ ಬಂದೈತಿ. ಕೇಸಿನ ಜೀವಾಳ ಆ ಮೂಲಿ. ಅದರ ಮ್ಯಾಲೆ ಹೊಸ ಗವಂಡಿ ಒಂದು ಇಂಚು ಗಿಲಾವು ಬಳದ ಅಂದ್ರ ನಾಳೆ "ನಾ ಕಟ್ಟಿದ್ದು ಛಲೋನ ಇತ್ತು, ಹೊಸಬ ಕೆಡಿಸ್ಯಾನ" ಅಂತ ಇವ ನಿಂದರ್ತಾನ. ಮೊದಲು ನಮಗೂ ಅವಗೂ ಸಂಬಂಧ ಇಲ್ಲದ ಸಿವಿಲ್ ಎಂಜಿನಿಯರ್ ಒಬ್ಬರನ್ನ ಕರಸ್ರಿ. ಯಾವ ಕೆಲಸ ಎಷ್ಟಾಗೈತಿ, ಅದರ ಕಿಮ್ಮತ್ತೆಷ್ಟು, ಏನು ಕೆಟ್ಟೈತಿ, ಸರಿ ಮಾಡಸಾಕ ಎಷ್ಟು ಬೇಕು ಅಂತ ಅಳತಿ ಮಾಡಿ ಸಹಿ ಹಾಕಿ ವರದಿ ಕೊಡಲಿ. ಅವರ ಫೀ ನಾ ಕಳಸ್ತೀನಿ. ಇದರಾಗ ಉಳತಾಯ ಮಾಡೂದು ಬ್ಯಾಡ.

ಹಂಗಂತ ಕೇಸು ಮುಗಿಯೂ ತನಕ ಮನಿ ಹಂಗ ಬಿಡಬೇಕಂತಿಲ್ಲ. ಬಿಡಲೂ ಬಾರದು. 1872 ರ ಕರಾರು ಕಾಯ್ದೆ 73 ನೇ ಕಲಂ ಪ್ರಕಾರ, ಕರಾರು ಮುರದವ ಅದರಿಂದ ಆದ ನಷ್ಟ ತುಂಬಿ ಕೊಡಬೇಕು. ಆದ್ರ ನಷ್ಟ ಕಡಿಮಿ ಮಾಡಾಕ ನಾವು ಏನು ಮಾಡಬಹುದಿತ್ತು ಅನ್ನೂದನ್ನೂ ಅದ ಕಲಂ ನೋಡ್ತೈತಿ. ಎಂಜಿನಿಯರ್ ವರದಿ, ಫೋಟೋ, ವಕೀಲರು ಅವಗ ಕಳಸೂ ನೋಟಿಸು ಆದ ಮ್ಯಾಲೆ ಬ್ಯಾರೆಯವರ ಕಡೆಯಿಂದ ಮುಗಿಸಿಕೊಳ್ರಿ, ಪ್ರತಿಯೊಂದರ ಬಿಲ್ ಇಡ್ರಿ. ಕರಾರಿಗಿಂತ ಹೆಚ್ಚಿಗಿ ಎಷ್ಟು ಹೋತೋ ಅದನ್ನ ಅವನ ಕಡೆ ಕೇಳಬಹುದು.

ರೊಕ್ಕದ ಲೆಕ್ಕ ಹಿಂಗೈತಿ. 1,000 ಸ್ಕ್ವೇರ್ ಫೂಟು, ಫೂಟಿಗೆ 1,850 ರೂಪಾಯಿ, ಸಾಮಾನು ಸಮೇತ. ಒಟ್ಟು ಹದಿನೆಂಟೂವರೆ ಲಕ್ಷ. ಅವಗ ಮುಟ್ಟಿದ್ದು 14 ಲಕ್ಷ, ಅದರಾಗ 12 ಲಕ್ಷ ಬ್ಯಾಂಕಿನಿಂದ, 2 ಲಕ್ಷ ಮಾವನ ಎದುರಿಗೆ ರೋಖ. ರೋಖಕ್ಕ ರಶೀದಿ ಇಲ್ಲ ಅಂತ ಅವ್ವ ಭಾಳ ಚಿಂತಿ ಮಾಡಾಕತ್ತಾಳ. ಆದ್ರ ಅವನ ವಾಟ್ಸಾಪ್ ಮೆಸೇಜಿನ್ಯಾಗ "ಎರಡು ಲಕ್ಷ ಮುಟ್ಯಾವ್ರಿ ಅಣ್ಣಾರ" ಅಂತ ಅವನ ದನಿಯಿಲೇ ಐತಿ. ಅದು ಸಾಕ್ಷಿ ಆಗ್ತೈತಿ. 2023 ರ ಭಾರತೀಯ ಸಾಕ್ಷ್ಯ ಅಧಿನಿಯಮದ 63 ನೇ ಕಲಂ ಪ್ರಕಾರ ಅದರ ಜೋಡಿ ಒಂದು ಪ್ರಮಾಣಪತ್ರ ಕೊಡಬೇಕಾಗ್ತೈತಿ, ಅದನ್ನ ವಕೀಲರು ಮಾಡಸ್ತಾರ. ತಮ್ಮಾ, ಅಪ್ಪನ ಆ ಹಳೇ ಫೋನ್ ಎಕ್ಸ್‌ಚೇಂಜಿಗೆ ಕೊಟ್ಟೀ ನೋಡ! ಫಾರ್ಮ್ಯಾಟೂ ಮಾಡಬ್ಯಾಡ. ಹೊಸಾ ಫೋನ್ ಬೇಕಾದ್ರ ನನಗ ಕೇಳು.

ಸಿಮೆಂಟ, ಕಬ್ಬಿಣ ತುಟ್ಟಿ ಆಗ್ಯಾವ, ಇನ್ನೂ 3 ಲಕ್ಷ ಹೆಚ್ಚಿಗಿ ಕೊಟ್ರ ಬರ್ತೀನಿ ಅಂತಾನ ಅವ. ಕರಾರಿನ್ಯಾಗ ದರ ಗಟ್ಟಿ ಮಾಡಿ ಬರದೈತಿ, ರೇಟು ಏರಿದ್ರ ಹೆಚ್ಚಿಗಿ ಕೊಡಬೇಕು ಅನ್ನೂ ಮಾತು ಎಲ್ಲೂ ಇಲ್ಲ. ಬಜಾರದಾಗ ತುಟ್ಟಿ ಆತು ಅನ್ನೂದು ಕೆಲಸ ಬಿಡಾಕ ಕಾರಣ ಆಗೂದಿಲ್ಲ. ಆದ್ರ ಮಾಳಿಗಿಗೆ ಪಾವಟಿಗಿ ಹಾಕಸಿದ್ದು ಕರಾರಿನ್ಯಾಗ ಇರಲಿಲ್ಲ, ಅಪ್ಪ ಆಮ್ಯಾಲೆ ಬಾಯಿಮಾತಿಲೆ ಹೇಳಿದ್ದು. ಅದರ ರೊಕ್ಕ ಅವಗ ಬರಬೇಕಾದ್ದು. ಎಂಜಿನಿಯರ್ ಎಷ್ಟು ಅಂತಾರೋ ಅಷ್ಟು ನಮ್ಮ ಲೆಕ್ಕದಾಗ ಕಳದು ನೋಟಿಸಿನ್ಯಾಗ ನಾವ ಬರದುಬಿಡೂಣು. ಅವನ ನ್ಯಾಯದ ದುಡ್ಡು ನಮಗ ಬ್ಯಾಡ. ತೀರ್ಪು ಹೇಳಾಕ ಮುಂದ ಕುಂತವರಿಗೂ ನಾವು ಸರಿಯಾಗಿ ಲೆಕ್ಕ ಹೇಳವರು ಅಂತ ತಿಳೀತೈತಿ.

ಕೇಸು ಹಾಕೂದಾದ್ರ ಸಿವಿಲ್ ಕೋರ್ಟಿಗಿಂತ ಗ್ರಾಹಕರ ಆಯೋಗ ಛಲೋ ಅಂತ ನನಗ ಅನಸ್ತೈತಿ, ವಕೀಲರೂ ಅದನ್ನ ಹೇಳಬಹುದು. ನಾವು ಇರಾಕ ಕಟ್ಟಸೂ ಮನಿ, ಮಾರಾಟಕ್ಕಲ್ಲ. 2019 ರ ಗ್ರಾಹಕರ ಕಾಯ್ದ್ಯಾಗ ಮನಿ ಕಟ್ಟಿ ಕೊಡೂದೂ ಸೇವೆ ಅಂತನ ಬರದೈತಿ. ಕೊಟ್ಟ ರೊಕ್ಕ 50 ಲಕ್ಷದೊಳಗಿದ್ರ ಜಿಲ್ಲಾ ಆಯೋಗದಾಗ ನಡೀತೈತಿ. ನಮ್ಮ 14 ಲಕ್ಷಕ್ಕ ಫೀ ಬರೇ 400 ರೂಪಾಯಿ. ವಕೀಲರಿಲ್ಲದನೂ ವಾದ ಮಾಡಬಹುದು, ಅರ್ಜಿ ಕೊಟ್ಟು ವಿಡಿಯೋದಾಗ ಹಾಜರಾಗಾಕೂ ಕೇಳಬಹುದು. ಮೂರು ತಿಂಗಳದಾಗ, ತಪಾಸಣೆ ಬೇಕಾದ್ರ ಐದು ತಿಂಗಳದಾಗ ಮುಗಿಸಾಕ ನೋಡಬೇಕು ಅಂತ ಕಾಯ್ದ್ಯಾಗ ಐತಿ, ಆದ್ರ ಅಷ್ಟರಾಗ ಮುಗೀತೈತಿ ಅಂತ ನಂಬಿ ಗೃಹಪ್ರವೇಶದ ಮುಹೂರ್ತ ತಗಸಬ್ಯಾಡ್ರಿ.

ಒಂದು ಮಾತ್ರ ಲಕ್ಷ್ಯದಾಗ ಇರಲಿ, ಅಲ್ಲಿಗೆ ಎರಡು ವರ್ಷದೊಳಗ ಹೋಗಬೇಕು. ಹೋದ ವರ್ಷ ಯುಗಾದಿ ಆದ ಮ್ಯಾಲೆ ಅವ ಕೆಲಸ ನಿಲ್ಲಿಸಿದ್ದು. "ನಾಳೆ ಬರ್ತೀನಿ, ನಾಡದ ಬರ್ತೀನಿ" ಅಂತ ಫೋನಿನ್ಯಾಗ ಹೇಳಿದ್ರ ಆ ಎರಡು ವರ್ಷದ ಎಣಿಕಿ ಅವನ ಸಲುವಾಗಿ ನಿಂದರೂದಿಲ್ಲ. ಅವ ಕಾಯಾಕತ್ತಿದ್ದೂ ಅದನ್ನ ಅಂತ ನನ್ನ ಸಂಶಯ.

ಇಲ್ಲೆ ನನ್ನ ಜೋಡಿ ವಾರ್ಡಿನ್ಯಾಗ ಕೆಲಸ ಮಾಡಾಕಿ ಒಬ್ಬಾಕಿ ಅಡಗಿಮನಿ ಕೆಲಸಕ್ಕ ಮುಂಗಡ ಕೊಟ್ಟು ಹಿಂಗ ಸಿಕ್ಕಿಬಿದ್ದಿದ್ಲು. ಇಲ್ಲೆ ಸಿಟಿಜನ್ಸ್ ಅಡ್ವೈಸ್ ಅಂತ 1939 ರಿಂದ ನಡಕೊಂಡು ಬಂದ ಸಂಸ್ಥೆ ಐತಿ, ಪುಕ್ಕಟೆ ಸಲಹೆ ಕೊಡ್ತಾರ. ಅವರನ್ನ ಕೇಳಿ ಆಕಿ ಮೊದಲು ಒಂದು ಕಾಗದ ಬರದ್ಲು, ಇಷ್ಟು ದಿನದಾಗ ರೊಕ್ಕ ವಾಪಸ್ ಮಾಡು, ಇಲ್ಲಂದ್ರ ಕೋರ್ಟಿಗೆ ಹೋಗ್ತೀನಿ ಅಂತ. ಇಂಗ್ಲೆಂಡಿನ್ಯಾಗ 10,000 ಪೌಂಡ್ ತನಕದ ತಂಟೆಗೆ ಸಣ್ಣ ಕೇಸಿನ ದಾರಿ ಬ್ಯಾರೆ ಐತಿ, ಭಾಳ ಮಂದಿ ವಕೀಲರಿಲ್ಲದನ ಹೋಗ್ತಾರ. ಆಕಿಗೆ ಅಲ್ಲಿ ತನಕ ಹೋಗೂದೂ ಬರಲಿಲ್ಲ, ಕಾಗದ ಮುಟ್ಟಿದ ಮ್ಯಾಲೆ ಅರ್ಧಕ್ಕಿಂತ ಹೆಚ್ಚು ತಿರುಗಿ ಬಂತು. ಯಾರೂ ಆಕಿಗೆ "ಕೋರ್ಟ್ ಮೆಟ್ಟಲು ಹತ್ತಾಕಿ" ಅಂತ ಅನಲಿಲ್ಲ.

ಅಪ್ಪಾ, ನಿಮ್ಮ ಅಡಚಣಿ ನನಗ ಗೊತ್ತೈತಿ. ಆ ಕಾಂಟ್ರಾಕ್ಟರ್ ಬೀಗರ ಕಡೆಯವ. ಅಕ್ಕನ ಮನಿಯವರ ಮುಂದ ಮುಖ ತೋರಸೂದು ಹೆಂಗ ಅಂತೀರಿ. ಬೀಗತನ ನೋಡಿ ಅವ ಏನರ ಎರಡು ಚೀಲ ಸಿಮೆಂಟ ಹೆಚ್ಚಿಗಿ ಹಾಕ್ಯಾನೇನು? ಆದ್ರೂ ನಿಮ್ಮ ಮಾತಿಗೆ ಬೆಲಿ ಕೊಟ್ಟು ಒಂದು ದಾರಿ ಹೇಳ್ತೀನಿ. ಕೇಸು ಹಾಕೂಕಿಂತ ಮೊದಲ ಅದ ಕಾನೂನು ಸೇವಾ ಪ್ರಾಧಿಕಾರದಾಗ ಅರ್ಜಿ ಕೊಟ್ರ ಅವರು ಅವನ್ನ ಕರಸಿ ಇಬ್ಬರನ್ನೂ ಎದುರಾಬದರ ಕೂಡಸ್ತಾರ, ಲೋಕ ಅದಾಲತ್ತಿನ್ಯಾಗ ಇಡ್ತಾರ. ಫೀ ಇಲ್ಲ, ಜಗಳ ಇಲ್ಲ. ಅಲ್ಲಿ ಇಬ್ಬರೂ ಒಪ್ಪಿ ಸಹಿ ಮಾಡಿದ್ದು ಕೋರ್ಟಿನ ಡಿಕ್ರಿ ಇದ್ದಂಗ, ಅದರ ಮ್ಯಾಲೆ ಅಪೀಲೂ ಇಲ್ಲ. ಹಿರಿಯರು ಗುಡಿ ಕಟ್ಟಿ ಮ್ಯಾಲೆ ಕುಂತು ಮಾಡಿದ ರಾಜಿ ಎರಡು ಸಲ ಆತಲ್ಲ, ಎರಡೂ ಸಲ ಚಹಾ ಕುಡದು ಎದ್ದು ಹೋದ. ಬೀಗರೂ ಬೇಕಾದ್ರ ಬಂದು ಕೂಡ್ರಲಿ, ಆದ್ರ ಮಾತು ಕಾಗದದ ಮ್ಯಾಲೆ ಬರಲಿ. ಅಲ್ಲಿ ಒಪ್ಪಂದ ಆಗಲಿಲ್ಲಂದ್ರ ಆಯೋಗದ ಬಾಗಿಲು ತೆರದ ಇರ್ತೈತಿ. ಅಕ್ಕಗ ನಾನ ಫೋನ್ ಮಾಡಿ ಹೇಳೀನಿ. ಆಕಿ ಏನಂದ್ಲು ಗೊತ್ತೇನು? "ಇಷ್ಟು ದಿನ ನನ್ನ ಹೆಸರು ಹೇಳಿ ಸುಮ್ಮನ ಕುಂತಿದ್ರೇನು?" ಅಂದ್ಲು.

ತಮ್ಮಾ, ನೀ ಮಾಡಬೇಕಾದ್ದು. ಕರಾರು ಪತ್ರದ ಎರಡೂ ಬದಿ, ಬ್ಯಾಂಕ್ ಪಾಸ್‌ಬುಕ್, ಪ್ಲಾಟಿನ ಉತಾರ ಜೆರಾಕ್ಸ್ ಮಾಡಿಸು. ಮೂಲ ಪ್ರತಿ ಯಾರ ಕೈಯಾಗೂ ಕೊಡಬ್ಯಾಡ, ವಕೀಲರಿಗೂ ನಕಲು ಕೊಡು, ಮೂಲ ಬರೇ ತೋರಿಸು. ಬಾಂಡ್ ಪೇಪರಿನ ಸ್ಟ್ಯಾಂಪ್ ಕಮ್ಮಿ ಬಿದ್ದೈತೇನು ಅಂತ ವಕೀಲರಿಗೆ ಕೇಳು, ಕಮ್ಮಿ ಇದ್ರ ದಂಡ ತುಂಬಿ ಸರಿ ಮಾಡಿಕೊಳ್ಳಾಕ ಬರ್ತೈತಿ. ದೇವರ ಖೋಲಿ ಮೂಲೀದು ಫೋಟೋ ಹೊಡಿಯೂ ಮುಂದ ಬಾಜೂಕ ಅಳತಿ ಟೇಪ್ ಹಿಡಿ. ಕಾಂಟ್ರಾಕ್ಟರ್ ಫೋನ್ ಮಾಡಿದ್ರ ಜಗಳ ತಗೀಬ್ಯಾಡ, "ಮೆಸೇಜಿನ್ಯಾಗ ಬರದು ಕಳಸ್ರಿ" ಅನ್ನು.

ಅವ್ವಾ, ಸೋಮವಾರ ಕೋರ್ಟಿಗೆ ನೀನ ಹೋಗು. ತಮ್ಮ ಜೋಡಿ ಬರ್ತಾನ, ಆದ್ರ ಅರ್ಜಿ ಕೊಡೂದು ನೀನು. ಏನು ಮಾತಾಡಬೇಕಂತ ಅಂಜಬ್ಯಾಡ. ಎಷ್ಟು ಕೊಟ್ಟಿ, ಎಷ್ಟು ಕಟ್ಟ್ಯಾನ, ಯಾವಾಗ ಬಿಟ್ಟ, ಇಷ್ಟು ಹೇಳಿದ್ರ ಮುಗೀತು, ಅದು ನಿನಗ ನಮ್ಮೆಲ್ಲಾರಕಿಂತ ಛಲೋ ಬಾಯಿಪಾಠ ಐತಿ. ಕೊಟ್ಟ ಅರ್ಜಿಗೆ ಸ್ವೀಕೃತಿ ಶಿಕ್ಕಾ ಹಾಕಿಸಿಕೊಳ್ಳೂದು ಮರೀಬ್ಯಾಡ.

ಎಂಜಿನಿಯರ್ ಫೀಗೆ ಅಂತ ನಿನ್ನ ಖಾತೆಗೆ ರೊಕ್ಕ ಹಾಕೀನಿ, ಮುಟ್ಟಿದ್ದಕ್ಕ ತಿಳಸು. ಅಜ್ಜಿಗೆ ನಮಸ್ಕಾರ ಹೇಳ್ರಿ, ಆಕಿ ಮೊಣಕಾಲಿನ ಗುಳಗಿ ತಪ್ಪಿಸಬ್ಯಾಡ್ರಿ.

ನಿಮ್ಮ ಮಗಳು