ಕೊಂಬುಚಾ ಕಿಟ್‌ನ ಹೆಪ್ಪು ಕೆಟ್ಟಿದ್ದರ ಬಗ್ಗೆ ದೂರು

ಇವರಿಂದ:
ನಿಮ್ಮ ಗ್ರಾಹಕ, ವಿದ್ಯಾನಗರ, ದಾವಣಗೆರೆ

ಇವರಿಗೆ:
ಕುಂದುಕೊರತೆ ಅಧಿಕಾರಿಗಳು

ವಿಷಯ: ಬೂಷ್ಟು ಹಿಡಿದ ಕೊಂಬುಚಾ, ಹಣ ವಾಪಸಾತಿ ಮತ್ತು ನಿಮ್ಮ ಸಿಬ್ಬಂದಿ ಕೊಟ್ಟ ತಪ್ಪು ಸಲಹೆ

ಮಾನ್ಯರೇ,

ಸಿಹಿ ಚಹಾಕ್ಕೆ ಹೆಪ್ಪು ಹಾಕಿ ಹುಳಿ ಬರಿಸಿ ಮಾಡುವ ಪಾನೀಯ ಕೊಂಬುಚಾ. ಅದಕ್ಕೆಂದು ನಿಮ್ಮಿಂದ ತರಿಸಿದ ಕಿಟ್‌ನ ಹೆಪ್ಪೇ ಸರಿ ಇರಲಿಲ್ಲ. ಹಾಗಂತ ದೂರು ಕೊಟ್ಟರೆ, 'ದಾವಣಗೆರೆ ಬಿಸಿಲಿಗೆ ಹೀಗಾಗುತ್ತದೆ, ಪಾತ್ರೆ ಸರಿಯಾಗಿ ತೊಳೆದಿಲ್ಲ' ಎಂದು ಬರೆದು ದೂರು ಮುಚ್ಚಿಬಿಟ್ಟಿದ್ದೀರಿ. ನಮ್ಮೂರ ಬಿಸಿಲು ಜೋರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಏಪ್ರಿಲ್ ಮಾತು. ನಾನು ಜಾಡಿ ಇಟ್ಟಿದ್ದು ಗಣಪತಿ ಹಬ್ಬ ಆದ ಮೇಲೆ, ಮಳೆ ಹಿಡಿದುಕೊಂಡಿದ್ದಾಗ. ಅಡುಗೆಮನೆಯಲ್ಲಿ 28 ಡಿಗ್ರಿ ದಾಟಿರಲಿಲ್ಲ. 24ರಿಂದ 30 ಡಿಗ್ರಿ ಇರಲಿ ಎಂದು ನಿಮ್ಮ ಕೈಪಿಡಿಯಲ್ಲೇ ಅಚ್ಚಾಗಿದೆ ಅಲ್ವಾ?

ಬೂಷ್ಟು ಯಾವುದು, ಯಾವುದಲ್ಲ ಎಂಬುದು ನನಗೆ ಗೊತ್ತು. ಹೊಸ ಪೊರೆ ಕಟ್ಟುವಾಗ ಒದ್ದೆಯಾಗಿ, ನುಣ್ಣಗೆ ಇರುತ್ತದೆ. ಕೆಳಗೆ ಜೋತಾಡುವ ಕಂದು ಎಳೆಗಳು ಯೀಸ್ಟ್, ಅದಕ್ಕೆ ಹೆದರಬೇಕಿಲ್ಲ. ಸುಕ್ಕುಸುಕ್ಕಾದ ತೆಳು ಬಿಳಿ ಪದರ ಬಂದರೆ ರುಚಿ ಕೆಡಬಹುದು, ಆದರೂ ಅದು ಬೂಷ್ಟಲ್ಲ. ನನ್ನ ಜಾಡಿಯಲ್ಲಿದ್ದದ್ದು ಇದ್ಯಾವುದೂ ಅಲ್ಲ. ಸ್ಕೋಬಿಯ (ಚಹಾದ ಮೇಲೆ ಕಟ್ಟುವ ಆ ಪೊರೆಯ) ಮೇಲೆ, ಗಾಳಿಗೆ ಒಣಗಿದ ಕಡೆ, ದುಂಡನೆಯ ಮಚ್ಚೆಗಳು. ನಡುವೆ ಬೂದು ಹಸಿರು, ಸುತ್ತ ಬಿಳಿ ಅಂಚು. ಟಾರ್ಚ್ ಓರೆಯಾಗಿ ಹಿಡಿದರೆ ನವಿರು ಕೂದಲು ಎದ್ದು ನಿಂತಿದ್ದು ಕಾಣುತ್ತಿತ್ತು. ಫೋಟೋ ಲಗತ್ತಿಸಿದ್ದೇನೆ, ದಯವಿಟ್ಟು ಈ ಸಲವಾದರೂ ತೆರೆದು ನೋಡಿ.

ಪಾತ್ರೆ ತೊಳೆದಿಲ್ಲ ಎನ್ನುವವರಿಗೆ ಒಂದು ಮಾತು. ಅದೇ ದಿನ ಪಕ್ಕದ ಮನೆಯವರ ಜಾಡಿಯಿಂದ ಹೆಪ್ಪು ತಂದು ಇನ್ನೊಂದು ಜಾಡಿ ಹಾಕಿದ್ದೆ. ಒಂದೇ ಪಾತ್ರೆಯಲ್ಲಿ ಕುದಿಸಿದ ಚಹಾ, ಅದೇ ಸಕ್ಕರೆ, ಒಂದೇ ಪಂಚೆಯಿಂದ ಹರಿದ ಬಟ್ಟೆ. ಅದು ಹುಳಿ ಹಿಡಿದು ಚೆನ್ನಾಗಿ ಬಂತು. ನಿಮ್ಮದಕ್ಕೆ ಬೂಷ್ಟು. ಹುಳಿ ಅಳೆಯುವ ಪಿಎಚ್ ಪಟ್ಟಿ ಅದ್ದಿ ನೋಡಿದ್ದೆ (ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ): ಅವರ ಹೆಪ್ಪಿನ ದ್ರವ 3ರ ಹತ್ತಿರ, ನಿಮ್ಮ ಪೌಚಿನದು 5. ಶುರುವಿನಲ್ಲೇ ಹುಳಿ ಇದ್ದರೆ ತಾನೇ ಬೂಷ್ಟು ತಡೆಯುವುದು? ನೀವು ಕಳಿಸಿದ್ದು ಹೆಚ್ಚುಕಡಿಮೆ ಸಿಹಿ ಚಹಾ. ಪೌಚ್ ಮೇಲೆ ಪ್ಯಾಕ್ ಮಾಡಿದ ದಿನಾಂಕವೂ ಇಲ್ಲ.

ಎರಡನೇ ಉತ್ತರವಂತೂ ಇನ್ನೂ ಚೆನ್ನಾಗಿದೆ. 'ಮೇಲೆ ಪೊರೆ ಬಂದರೆ ಸೋಂಕು, ನೀವು ಏರ್‌ಲಾಕ್ ಹಾಕಿಲ್ಲ' ಅಂತೆ. ಏರ್‌ಲಾಕ್ ಎಂದರೆ ಹೊರಗಿನ ಗಾಳಿ ಒಳಬರದಂತೆ ತಡೆಯುವ ಮುಚ್ಚಳ. ಅದು ಬಿಯರ್ ಮಾಡುವವರಿಗೆ ಹೇಳುವ ಮಾತು. ಹುದುಗು ಮುಗಿದ ಬಿಯರ್ ಮೇಲೆ ಪೊರೆ ಕಟ್ಟಿದರೆ ಕಾಡು ಯೀಸ್ಟೋ ಬ್ಯಾಕ್ಟೀರಿಯಾವೋ ಸೇರಿದೆ ಎಂದು ಅನುಮಾನಿಸಬೇಕು, ಸರಿ. ಕೊಂಬುಚಾದಲ್ಲಿ ಪೊರೆ ಬರಲೇಬೇಕು, ಗಾಳಿಯೂ ಆಡಬೇಕು. ಅದಕ್ಕೇ ಬಟ್ಟೆ ಕಟ್ಟುವುದು. ಗ್ರಾಹಕರು ಏನು ಕೊಂಡಿದ್ದಾರೆ ಅಂತಾದರೂ ನೋಡಿ ಉತ್ತರ ಬರೆಯಬಾರದೇ?

ಇಷ್ಟಾದರೂ ಸುಮ್ನೆ ಇರುತ್ತಿದ್ದೆನೇನೋ. ಆದರೆ ಫೋನಿನಲ್ಲಿ ನಿಮ್ಮವರು 'ಬೂಷ್ಟು ಬಂದ ಭಾಗ ಕತ್ತರಿಸಿ ಉಳಿದದ್ದು ಕುಡಿಯಿರಿ' ಎಂದರು. ಇದು ಅಪಾಯ. ಕೆಲವು ಬೂಷ್ಟುಗಳು ವಿಷ ಬಿಡುತ್ತವೆ, ಅದು ಕೆಳಗಿನ ದ್ರವಕ್ಕೂ ಇಳಿಯಬಹುದು. ಬೂಷ್ಟು ಕಂಡರೆ ಸ್ಕೋಬಿ ಸಮೇತ ಎಲ್ಲ ಚೆಲ್ಲಬೇಕು. ನಾನು ಚೆಲ್ಲಿದೆ. ನಿಮ್ಮ ಮಾತು ನಂಬಿ ಮಕ್ಕಳಿಗೆ ಕುಡಿಸಿದವರು ಎಷ್ಟು ಜನರೋ.

ಕಿಟ್‌ನ ಪೂರ್ತಿ ಹಣ ವಾಪಸ್ ಕೊಡಿ. ಅದೇ ಬ್ಯಾಚಿನ ಹೆಪ್ಪು ಕೊಂಡವರಿಗೆಲ್ಲ ತಿಳಿಸಿ. ಆ ಕತ್ತರಿಸುವ ಸಲಹೆಯನ್ನು ಇವತ್ತೇ ನಿಲ್ಲಿಸಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆಗದಿದ್ದರೆ ಇಲ್ಲಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ನಿಮ್ಮ ಆಫೀಸ್ ಯಾವ ಊರಲ್ಲಿದ್ದರೂ ನಾನಿರುವ ಕಡೆಯೇ ದೂರು ಹಾಕಬಹುದು.

ಉಳಿದ ದ್ರವದ ಜೊತೆ ಪೌಚ್ ಫ್ರಿಜ್ಜಿನಲ್ಲಿದೆ. ಪರೀಕ್ಷೆಗೆ ಬೇಕಿದ್ದರೆ ತರಿಸಿಕೊಳ್ಳಿ. ಕೊರಿಯರ್ ಖರ್ಚು ನಿಮ್ಮದು.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಬಿಲ್, ಎರಡೂ ಜಾಡಿಗಳ ಫೋಟೋ, ಪಿಎಚ್ ಪಟ್ಟಿಗಳ ಫೋಟೋ