ದೇವರಾಜ ಮಾರುಕಟ್ಟೆ: ಕೆಡವುವ ಕಡತಕ್ಕೆ ಸಹಿ ಹಾಕುವ ಮುನ್ನ ತಾರಸಿ ನೋಡಿ ಬನ್ನಿ

ಮಾನ್ಯ ಆಯುಕ್ತರು,
ಮೈಸೂರು ಮಹಾನಗರ ಪಾಲಿಕೆ ಅವರಿಗೆ

ಮಾನ್ಯರೇ,

ದೇವರಾಜ ಮಾರುಕಟ್ಟೆ ಮತ್ತು ಲ್ಯಾನ್ಸ್‌ಡೌನ್ ಕಟ್ಟಡದ ವಿಷಯದಲ್ಲಿ ಸಮಿತಿಗಳಾದವು, ವರದಿಗಳಾದವು, ಮೊಕದ್ದಮೆಗಳೂ ನಡೆದವು. ಒಂದು ವರದಿ ಕೆಡವಿ ಎಂದಿತು, ಇನ್ನೊಂದು ಉಳಿಸಿ ಎಂದಿತು. ವಾದ ಮುಗಿಯುವವರೆಗೆ ಮಳೆಯೇನೂ ಕಾಯಲಿಲ್ಲ. ಗಾರೆ ಕೆಲಸ, ಹಳೆಯ ಕಟ್ಟಡಗಳ ರಚನೆ ಬಲ್ಲವರಾಗಿ ನಮ್ಮ ಮಾತು ಇಷ್ಟೇ: ಇಂಥ ಕಟ್ಟಡಗಳು ಹಾಳಾಗುವುದು ನೀರಿನಿಂದ ಮತ್ತು ತಪ್ಪು ದುರಸ್ತಿಯಿಂದ. ಇವೆರಡನ್ನೂ ತಡೆದರೆ ಮಾರುಕಟ್ಟೆಯನ್ನು ಅಂಕಣ ಅಂಕಣವಾಗಿ (ಗೋಡೆಯಿಂದ ಗೋಡೆಗಿರುವ ಒಂದೊಂದು ಭಾಗವಾಗಿ) ರಿಪೇರಿ ಮಾಡಿ ಬಳಸಬಹುದು.

ಮೈಸೂರು ಸಂಸ್ಥಾನ 1881ರಲ್ಲಿ ಬ್ರಿಟಿಷರಿಂದ ಮರಳಿ ಒಡೆಯರ ಕೈಗೆ ಬಂತು. ಚಾಮರಾಜೇಂದ್ರ ಒಡೆಯರ್ ಆಳ್ವಿಕೆಯ ಆ ಮೊದಲ ವರ್ಷಗಳಲ್ಲೇ, 1886ರಲ್ಲಿ, ವಾರದ ಸಂತೆ ಸೇರುತ್ತಿದ್ದ ಜಾಗದಲ್ಲಿ ಈ ಮಾರುಕಟ್ಟೆ ಎದ್ದಿತು. ವೈಸ್‌ರಾಯ್ ಲ್ಯಾನ್ಸ್‌ಡೌನ್ ಭೇಟಿಯ ನೆನಪಿಗೆ ಪಕ್ಕದ ಕಟ್ಟಡ 1892ರಲ್ಲಿ ಬಂತು. ನಡುವಿನ ಚಿಕ್ಕ ಗಡಿಯಾರ ಇನ್ನೊಬ್ಬ ವೈಸ್‌ರಾಯ್ ಡಫರಿನ್ ಭೇಟಿಯ ನೆನಪು. ನಾವು ಇಂದು ಕಾಣುವ ಅರಮನೆ ಶುರುವಾದದ್ದು ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟ ಮೇಲೆ, ಮುಗಿದದ್ದು 1912ರಲ್ಲಿ. ಅಂದರೆ ಹೂವು, ವೀಳ್ಯದೆಲೆ, ಕುಂಕುಮ ಮಾರುವ ಈ ಸಾಲುಗಳಿಗೆ ಅರಮನೆಗಿಂತ ಹೆಚ್ಚು ವಯಸ್ಸು. ದೀಪಾಲಂಕಾರ ಮಾತ್ರ ಅರಮನೆಯ ಪಾಲಿಗೆ!

ಮಾರುಕಟ್ಟೆಯ ಬೆಲೆ ಬರೀ ಮುಖಭಾಗದ ಕಮಾನುಗಳಲ್ಲಿ ಇಲ್ಲ. ಸಯ್ಯಾಜಿರಾವ್ ರಸ್ತೆಗೆ ಮುಖ ಮಾಡಿದ ಸಾಲಿಗೆ ಗ್ರಾಹಕರು ಹೊರಗಿನಿಂದ ಬರುತ್ತಾರೆ, ಒಳಗಿನ ಸಾಲುಗಳಿಗೆ ಒಳದಾರಿಯಿಂದ. ಎಂಟುನೂರಕ್ಕೂ ಹೆಚ್ಚು ಮಳಿಗೆಗಳು ಬಹುತೇಕ ನೆಲದ ಮಟ್ಟದಲ್ಲೇ ಇವೆ. ಹೂವಿನವರಿಗೆ ಮೆಟ್ಟಿಲಿಲ್ಲ, ಬಾಳೆಗೊನೆ ಹೊತ್ತವರಿಗೆ ಲಿಫ್ಟ್ ಬೇಕಿಲ್ಲ. ಬಹುಮಹಡಿ ಸಂಕೀರ್ಣ ಕಟ್ಟಿದರೆ ಮೊದಲು ಸಾಯುವುದು ಮೇಲ್ಮಹಡಿಯ ತರಕಾರಿ ವ್ಯಾಪಾರ. ಜಂಬೂಸವಾರಿ ಸಾಗುವ ದಾರಿಯ ನೋಟ ಹಾಳಾಗುವುದು ಆಮೇಲಿನ ಮಾತು.

ಸುರಕ್ಷತೆಯನ್ನು ಕಡೆಗಣಿಸಿ ಎಂದು ನಾವು ಹೇಳುತ್ತಿಲ್ಲ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಬಿತ್ತು, ಅದೂ ನವೀಕರಣ ಕೆಲಸ ನಡೆಯುತ್ತಿದ್ದಾಗ. ಎರಡೂ ಮಳೆಗಾಲದಲ್ಲೇ ಆದವು ಎಂಬುದನ್ನು ಗಮನಿಸಿ. ಗಾರೆಯ ಗೋಡೆ, ಗಾರೆಯ ತಾರಸಿ ನೀರು ಕುಡಿದಾಗ ಭಾರ ಏರುತ್ತದೆ, ಬಲ ಇಳಿಯುತ್ತದೆ.

ಆ ಕಾಲದ ಮದ್ರಾಸ್ ತಾರಸಿಯ ರಚನೆ ಹೀಗೆ: ಗೋಡೆಯಿಂದ ಗೋಡೆಗೆ ಮರದ ಜಂತೆಗಳು, ಅವುಗಳ ಮೇಲೆ ಒಂದಿಂಚು ದಪ್ಪದ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ, ಸುಣ್ಣದ ಗಾರೆಯಲ್ಲಿ ಕಟ್ಟಿದ ಪದರ, ಅದರ ಮೇಲೆ ಸುಮಾರು ಮೂರಿಂಚು ಇಟ್ಟಿಗೆಚೂರಿನ ಗಚ್ಚು, ಹಲಗೆಯಿಂದ ದಿನಗಟ್ಟಲೆ ಬಡಿದು ಗಟ್ಟಿ ಮಾಡಿದ್ದು, ಕೊನೆಗೆ ಚಪ್ಪಟೆ ಹೆಂಚು. ಇದು ಸೋರತೊಡಗಿದಾಗ ಸಾಮಾನ್ಯವಾಗಿ ಆಗುವ ಅನಾಹುತವೆಂದರೆ ಮೇಲೆ ಎರಡಿಂಚು ಸಿಮೆಂಟ್ ಕಾಂಕ್ರೀಟ್ ಸುರಿಯುವುದು. ಹತ್ತಡಿ ಉದ್ದ, ಹತ್ತಡಿ ಅಗಲದ ಒಂದೇ ಮಳಿಗೆಯ ಮೇಲೆ ಅದರ ತೂಕ ಹೆಚ್ಚುಕಡಿಮೆ ಒಂದು ಟನ್. ಸಾವಿರ ಲೀಟರಿನ ಟ್ಯಾಂಕ್ ಇಟ್ಟರೆ ಮತ್ತೊಂದು ಟನ್. ಸಿಮೆಂಟು ಕೆಲವೇ ವರ್ಷಗಳಲ್ಲಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಇಳಿದ ನೀರು ಮೇಲಕ್ಕೆ ಆರಲಾರದೆ ಗಚ್ಚಿನಲ್ಲೇ ನಿಂತು, ಜಂತೆಯ ತುದಿ ಗೋಡೆಯೊಳಗೆ ಕೂತಿರುವ ಕಡೆಗೆ ಹೋಗುತ್ತದೆ. ಜಂತೆ ನಡುವೆ ಗಟ್ಟಿಯಾಗಿ ಕಾಣುತ್ತಿರುತ್ತದೆ. ಗೋಡೆಯೊಳಗಿನ ಆರೇಳು ಇಂಚು ಪುಡಿಯಾಗಿರುತ್ತದೆ. ಮುನ್ಸೂಚನೆಯೇ ಇಲ್ಲದೆ ಚಾವಣಿ ಬೀಳುವುದು ಹೀಗೆ.

ಗೋಡೆಗೂ ಇದೇ ಗತಿ. ಸುಣ್ಣದ ಗಾರೆ ಉಸಿರಾಡುತ್ತದೆ. ಸಿಮೆಂಟ್ ಗಿಲಾವು ಬಳಿದರೆ ನೆಲದಿಂದ ಏರಿದ ತೇವ ಹೊರಬರಲಾರದೆ ಲವಣ ಕಟ್ಟಿ ಇಟ್ಟಿಗೆಯನ್ನು ಒಳಗಿನಿಂದ ಉದುರಿಸುತ್ತದೆ. ಇದರ ಜೊತೆಗೆ ರೋಲಿಂಗ್ ಶಟರ್‌ಗೆಂದು ಕಮಾನಿನ ಬುಡ ಕೊರೆಯುವುದು, ಅಟ್ಟದ ತುಂಬ ಮೂಟೆ ಪೇರಿಸುವುದು, ಮಳೆನೀರಿನ ಪೈಪಿಗೆ ಕಸ ತುರುಕುವುದು.

ಪರೀಕ್ಷೆಯ ವಿಚಾರದಲ್ಲಿ ಒಂದು ಎಚ್ಚರಿಕೆ. ಹೊಡೆದಾಗ ಎಷ್ಟು ಪುಟಿಯುತ್ತದೆ ಎಂಬುದರಿಂದ ಗಟ್ಟಿತನ ಅಳೆಯುವ ರೀಬೌಂಡ್ ಹ್ಯಾಮರ್ ಇರುವುದು ಕಾಂಕ್ರೀಟಿಗೆ. ಇಟ್ಟಿಗೆ ಗಾರೆಯ ಗೋಡೆಗೆ ಅದನ್ನು ಹೊಡೆದು ಬಂದ ಅಂಕಿಯನ್ನು ಕಾಂಕ್ರೀಟಿನ ಕೋಷ್ಟಕದಲ್ಲಿ ಹುಡುಕಿದರೆ ಯಾವ ಹಳೆಯ ಕಟ್ಟಡವೂ ಪಾಸಾಗದು. ಅಂಥ ವರದಿ ಮೇಜಿಗೆ ಬಂದರೆ ದಯವಿಟ್ಟು ವಾಪಸ್ ಕಳಿಸಿ. ಬೇಕಿರುವುದು ಫ್ಲ್ಯಾಟ್ ಜ್ಯಾಕ್ ಪರೀಕ್ಷೆ: ಗಾರೆಯ ಸಂದಿನಲ್ಲಿ ಸೀಳು ಮಾಡಿ, ತೆಳು ಉಕ್ಕಿನ ಚೀಲ ತೂರಿಸಿ, ಎಣ್ಣೆಯ ಒತ್ತಡದಿಂದ ಗೋಡೆ ಹೊತ್ತಿರುವ ಭಾರವನ್ನು ಅಳೆಯುವುದು. ಪ್ರತಿ ಜಂತೆಯ ಎರಡೂ ತುದಿಯನ್ನು ಬಿಚ್ಚಿ, ಸುತ್ತಿಗೆಯಿಂದ ತಟ್ಟಿ, ದಬ್ಬಳದಿಂದ ಚುಚ್ಚಿ ನೋಡಬೇಕು. ಬಿರುಕುಗಳ ಮೇಲೆ ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆದರೆ ಬಿರುಕು ಇನ್ನೂ ಬೆಳೆಯುತ್ತಿದೆಯೋ ಹಳೆಯದೋ ಎಂಬುದು ಒಂದು ಮಳೆಗಾಲ, ಒಂದು ಬೇಸಿಗೆಯಲ್ಲಿ ತಿಳಿಯುತ್ತದೆ. ಇಡೀ ಕಟ್ಟಡಕ್ಕೆ ಒಂದೇ ಷರಾ ಬೇಡ. ಅಂಕಣವಾರು ನಕ್ಷೆ ಬೇಕು.

ಕೆಲಸದ ಕ್ರಮದಲ್ಲೇ ಹೆಚ್ಚಿನವರು ಎಡವುವುದು. ಮೊದಲು ಜ್ಯಾಕ್ ಪೈಪುಗಳ ಊರೆ (ತಾತ್ಕಾಲಿಕ ಆಸರೆ) ಕೊಡಬೇಕು, ಆಮೇಲೆ ಮೇಲಿನ ಭಾರ ಇಳಿಸಬೇಕು, ಅದಾದ ಮೇಲಷ್ಟೇ ಗೋಡೆ ಮುಟ್ಟಬೇಕು. ಊರೆಯಿಲ್ಲದೆ ಗಿಲಾವು ಕೀಳುವುದು, ಬ್ರೇಕರ್ ಯಂತ್ರ ಹಚ್ಚುವುದು ಬಲು ಅಪಾಯ. ಸಿಮೆಂಟನ್ನು ಉಳಿಯಿಂದ, ಕೈಯಲ್ಲೇ ಬಿಡಿಸಬೇಕು. ಅರಳಿ, ಆಲದ ಸಸಿಗಳನ್ನು ಎಳೆದರೆ ಬೇರಿನ ಜೊತೆ ಗೋಡೆಯೂ ಬರುತ್ತದೆ. ಕಾಂಡ ಕತ್ತರಿಸಿ ಔಷಧಿ ಹಾಕಿ ಬೇರು ಸಾಯಿಸಿ, ನಂತರ ಆ ಭಾಗದ ಇಟ್ಟಿಗೆ ಬಿಚ್ಚಿ ಮತ್ತೆ ಕಟ್ಟಬೇಕು. ಜಂತೆ ಪೂರ್ತಿ ಬದಲಿಸುವ ಅಗತ್ಯ ಅನೇಕ ಕಡೆ ಬರುವುದಿಲ್ಲ. ಕೊಳೆತ ತುದಿ ಕತ್ತರಿಸಿ, ಹಳೆಯ ಸಾಗುವಾನಿಯ ತುಂಡು ಬೆಸೆದು, ಎರಡು ಬದಿಗೂ ಉಕ್ಕಿನ ಪಟ್ಟಿ ಬೋಲ್ಟ್ ಮಾಡಿದರೆ ಸಾಕು. ಗೋಡೆಯೊಳಗೆ ಆ ತುದಿಯ ಸುತ್ತ ಒಂದಿಂಚು ಗಾಳಿ ಆಡಲು ಬಿಡುವುದನ್ನು ಮರೆಯಬಾರದು.

ಗಾರೆಗೆ ನೆನೆಸಿ ಹದಗೊಳಿಸಿದ ಸುಣ್ಣ ಒಂದು ಪಾಲು, ಮರಳು ಮತ್ತು ಇಟ್ಟಿಗೆಪುಡಿಯ ಸುರ್ಕಿ ತಲಾ ಒಂದೂವರೆ ಪಾಲು; ಇದು ಆರಂಭದ ಹದ, ಹಳೆಯ ಗಾರೆಯ ಮಾದರಿಯನ್ನು ಪ್ರಯೋಗಾಲಯದಲ್ಲಿ ನೋಡಿ ತಿದ್ದಿಕೊಳ್ಳಬೇಕು. ಸುಣ್ಣ ಕನಿಷ್ಠ ಕೆಲವು ವಾರ ನೀರಿನಲ್ಲಿ ನೆನೆದಿರಬೇಕು, ಗಾಣದಲ್ಲಿ ಅರೆಯಬೇಕು. ತಾರಸಿಯ ಗಚ್ಚಿಗೆ ಅಳಲೆಕಾಯಿ, ಬೆಲ್ಲ ನೆನೆಸಿದ ನೀರು. ಗಿಲಾವಿನ ಒಂದು ಪದರ ಅರ್ಧ ಇಂಚು ಮೀರಬಾರದು, ಗಟ್ಟಿಯಾಗುವವರೆಗೆ ಒದ್ದೆ ಗೋಣಿ ಹೊದಿಸಿರಬೇಕು. ಅವಸರಕ್ಕೆ ಒಂದು ಹಿಡಿ ಸಿಮೆಂಟ್ ಬೆರೆಸಿದರೆ ಮಾಡಿದ್ದೆಲ್ಲ ದಂಡ.

ಟೆಂಡರಿನಲ್ಲಿ ಗಾರೆ ಕೆಲಸದ ಬಾಬ್ತುಗಳೇ ಇಲ್ಲದಿದ್ದರೆ ಗುತ್ತಿಗೆದಾರ ಸಿಮೆಂಟ್ ಚೀಲವನ್ನೇ ತರುತ್ತಾನೆ. ತಾಂತ್ರಿಕ ಲಕೋಟೆ ತೆರೆಯುವ ಹಂತದಲ್ಲೇ ಪ್ರತಿ ಬಿಡ್‌ದಾರರಿಂದ ಒಂದು ಚದರ ಮೀಟರ್ ಗೋಡೆ, ಒಂದು ಚದರ ಮೀಟರ್ ತಾರಸಿ ಮಾಡಿಸಿ ನೋಡಿ. ದರ ಕಡಿಮೆ ಎಂಬ ಒಂದೇ ಕಾರಣಕ್ಕೆ ಈ ಕೆಲಸ ಕೊಡಬೇಡಿ.

ವ್ಯಾಪಾರಿಗಳನ್ನು ಒಟ್ಟಿಗೆ ಎಬ್ಬಿಸಬೇಕಿಲ್ಲ. ಒಂದು ಸಾಲು ಖಾಲಿ ಮಾಡಿಸಿ, ರಿಪೇರಿ ಮುಗಿಸಿ, ಅದೇ ಮಳಿಗೆ ಸಂಖ್ಯೆಗೆ ಮರಳಿಸುವ ಲಿಖಿತ ಒಪ್ಪಂದ ಕೊಟ್ಟರೆ ಸಹಕಾರ ಸಿಗುತ್ತದೆ. ಅವರ ಅನುಮಾನಕ್ಕೆ ಕಾರಣವಿದೆ: ತಾತ್ಕಾಲಿಕ ಎಂದು ಹೊರಗೆ ಕಳಿಸಿದ ವ್ಯಾಪಾರ ವಾಪಸ್ ಬರುವುದು ಅಪರೂಪ. ಗಾರೆಗೆ ನವೆಂಬರಿನಿಂದ ಮೇವರೆಗೆ ಸಮಯ ಒಳ್ಳೆಯದು, ದಸರಾಕ್ಕೂ ಅಡ್ಡಿಯಾಗದು.

ಯಾವುದಾದರೂ ಅಂಕಣ ನಿಜಕ್ಕೂ ಉಳಿಯದೆಂದರೆ ಅದನ್ನಷ್ಟೇ ಬಿಚ್ಚಿ, ಇಟ್ಟಿಗೆ, ಮರಗಳಿಗೆ ಸಂಖ್ಯೆ ಹಾಕಿ, ಅದೇ ವಸ್ತುವಿನಲ್ಲಿ ಕಟ್ಟಿ. ಅದಕ್ಕೆ ನಮ್ಮ ತಕರಾರಿಲ್ಲ. ಇಡೀ ಮಾರುಕಟ್ಟೆ ಉರುಳಿಸಿ ಕಾಂಕ್ರೀಟ್ ಕಂಬಗಳಿಗೆ ಹಳೆಯ ಕಮಾನುಗಳ ಮುಖವಾಡ ಅಂಟಿಸುವುದನ್ನು ಪುನರ್ನಿರ್ಮಾಣ ಎಂದು ಕರೆಯಬೇಡಿ. 1869ರ ಮುಂಬೈ ಕ್ರಾಫರ್ಡ್ ಮಾರುಕಟ್ಟೆ ಇದಕ್ಕಿಂತ ಹಳೆಯದು, ಅಲ್ಲಿ ಇಂದಿಗೂ ವ್ಯಾಪಾರ ನಡೆಯುತ್ತಿದೆ.

ಮುಂದಿನ ಮಳೆಗೆ ಮುಂಚೆ ಮೂರು ಆದೇಶ ನಿಮ್ಮ ಕೈಯಲ್ಲೇ ಇವೆ: ತಾರಸಿಯ ಕಸ, ಟ್ಯಾಂಕುಗಳ ತೆರವು; ಮಳೆನೀರಿನ ಪೈಪುಗಳ ಶುದ್ಧಿ; ಸೋರುವ ಅಂಕಣಗಳಿಗೆ ಊರೆ, ಅದರಡಿಯ ಮಳಿಗೆಗಳ ತಾತ್ಕಾಲಿಕ ಸ್ಥಳಾಂತರ. ಸ್ಥಳ ಪರಿಶೀಲನೆಗೆ ತಾವೇ ಬಂದರೆ ತಾರಸಿಯ ನಡುವೆ ಕಾಲಿಡಬೇಡಿ. ಗೋಡೆಯಿಂದ ಗೋಡೆಗೆ ಹಲಗೆ ಹಾಸಿಸಿಕೊಂಡು ನಡೆಯಿರಿ.

ಇಂತಿ,
ಹಳೆಯ ಕಟ್ಟಡಗಳ ದುರಸ್ತಿ ಬಲ್ಲ ಮೈಸೂರಿಗರು