ವಾಲ್ನಟ್ ಸ್ಟ್ರೀಟ್ ಸೇತುವೆ ದಾಟಿದ ದಿನ

ಕಳೆದ ಭಾನುವಾರ ಅಮೆರಿಕದ ಟೆನೆಸ್ಸೀ ರಾಜ್ಯದ ಚಟನೂಗ ನಗರದ ವಾಲ್ನಟ್ ಸ್ಟ್ರೀಟ್ ಸೇತುವೆಯ ದಕ್ಷಿಣ ತುದಿಯಿಂದ ಹೊರಟು, ಊರುಗೋಲಿಲ್ಲದೆ, ಎಲ್ಲಿಯೂ ಕೂರದೆ ಉತ್ತರ ದಡ ಮುಟ್ಟಿದೆ. ಒಟ್ಟು 2,376 ಅಡಿ. ಕಾಯಿಲೆಯ ವಿವರ ನಿಮಗೆಲ್ಲ ತಿಳಿದೇ ಇರುವುದರಿಂದ ಇಲ್ಲಿ ಕೃತಜ್ಞತೆಯನ್ನಷ್ಟೇ ಬರೆಯುತ್ತೇನೆ.

ಸರದಿಯ ಮೇಲೆ ಊಟ ತಂದ ಗೆಳೆಯರಿಗೆ, ನನ್ನ ಕೆಲಸ ಹಂಚಿಕೊಂಡ ಸಹೋದ್ಯೋಗಿಗಳಿಗೆ, ಧಾರವಾಡದಿಂದ ದಿನವೂ ಫೋನ್ ಮಾಡಿದ ಅತ್ತಿಗೆಗೆ ನಾನು ಋಣಿ.

ಪಕ್ಕದ ಮನೆಯ ಅಕ್ಕನ ಋಣ ಮಾತ್ರ ಒಂದು ಸಾಲಿಗೆ ಹಿಡಿಸುವುದಿಲ್ಲ. ಹೆಸರು ಬರೆಯಬೇಡ ಎಂದಿದ್ದಾರೆ, ಬರೆಯುವುದಿಲ್ಲ. ಜನವರಿಯ ಆ ರಾತ್ರಿ, ಇನ್ನು ನನ್ನಿಂದ ನಡೆಯಲಾಗದು, ಬದುಕುವುದೂ ಬೇಡ ಎಂದು ನಾನು ಅತ್ತಾಗ, ಅವರು ಸಮಾಧಾನದ ಮಾತೇನೂ ಆಡದೆ, ಬೆಳಗಾಗುವವರೆಗೂ ನನ್ನ ಪಾದ ಹಿಡಿದು ಕೂತು ಈ ಸೇತುವೆಯ ಕಥೆ ಹೇಳಿದರು. 1891ರಲ್ಲಿ ಟೆನೆಸ್ಸೀ ನದಿಗೆ ಅಡ್ಡವಾಗಿ ನಿಂತದ್ದು, 1978ರಲ್ಲಿ ವಾಹನಗಳಿಗೆ ಮುಚ್ಚಿ ವರ್ಷಗಟ್ಟಲೆ ತುಕ್ಕು ಹಿಡಿದದ್ದು, ಕೆಡವುವ ಮಾತು ಬಂದಾಗ ಊರಿನವರು ಒಪ್ಪದೆ ಉಳಿಸಿಕೊಂಡದ್ದು, 1993ರಲ್ಲಿ ನಡೆಯುವವರಿಗೆಂದೇ ಮತ್ತೆ ತೆರೆದದ್ದು. "ಚಳಿ ಕಳೆಯಲಿ, ನಾವೂ ಹೋಗೋಣ" ಎಂದರು.

ಮೊದಲ ದಿನ ಎರಡು ಕಂಬಗಳ ನಡುವಿನಷ್ಟೇ ನಡೆದೆ. ಮರದ ಹಲಗೆಗಳ ಸಂದಿಯಲ್ಲಿ ನೀರು ಕಂಡು ಕಾಲು ನಡುಗಿದಾಗ ಅಕ್ಕ ಮೇಲೆ ನೋಡಲು ಹೇಳಿದರು. ನೀಲಿ ಬಣ್ಣ ಬಳಿದ ಓರೆ ಸರಳುಗಳು ಕಂಬಕ್ಕೆ ಸೇರುವಲ್ಲಿ ಬೆಸುಗೆಯಿಲ್ಲ; ಸರಳುಗಳ ತುದಿಯ ಕಣ್ಣುಗಳೊಳಗೆ ತೂರಿಸಿದ ಒಂದು ದಪ್ಪ ಪಿನ್ನೇ ಎಲ್ಲವನ್ನೂ ಹಿಡಿದಿದೆ. ಮುಂದಿನ ಪಿನ್ನಿನವರೆಗೆ ನಡೆಯುವುದು, ಅಲ್ಲಿ ನಿಂತು ಉಸಿರು ತೆಗೆದುಕೊಳ್ಳುವುದು, ಇದೇ ನಮ್ಮ ಲೆಕ್ಕವಾಯಿತು.

ಹೊರಡುವ ಮುನ್ನ ಅವರು ಪ್ರತಿಬಾರಿಯೂ ದಕ್ಷಿಣ ತುದಿಯ ಎಡ್ ಜಾನ್ಸನ್ ಸ್ಮಾರಕದ ಮುಂದೆ ಮೌನವಾಗಿ ನಿಲ್ಲುತ್ತಿದ್ದರು. ಅಮೆರಿಕದ ಸುಪ್ರೀಂ ಕೋರ್ಟ್ ಮರಣದಂಡನೆಗೆ ತಡೆ ಕೊಟ್ಟಿದ್ದರೂ, 1906ರಲ್ಲಿ ಆ ಕಪ್ಪು ಯುವಕನನ್ನು ಗುಂಪೊಂದು ಜೈಲಿನಿಂದ ಎಳೆತಂದು ಇದೇ ಸೇತುವೆಯ ಮೇಲೆ ಕೊಂದಿತು. ಸೇತುವೆಯನ್ನು ಅಂದು ಕೆಡವಿದ್ದರೆ ಈ ನೆನಪಿಗೆ ಇಂಥ ನೆಲೆ ಸಿಗುತ್ತಿರಲಿಲ್ಲವೆಂದು ನಾನು ನಂಬಿದ್ದೇನೆ.

ಹಾಗಾಗಿ, ನಾನೆಂದೂ ಕಾಣದ, ಅದನ್ನು ಉಳಿಸಿಕೊಟ್ಟ ಆ ಊರಿನವರಿಗೂ ನನ್ನ ನಮಸ್ಕಾರ. ಬರುವ ಭಾನುವಾರ ಎಂಟು ಗಂಟೆಗೆ ಅಕ್ಕನೂ ನಾನೂ ಮತ್ತೆ ಹೊರಡುತ್ತೇವೆ. ಈ ಸಲ ವಾಪಸು ಬರುವುದೂ ನಡೆದೇ.